ಖಾಲಿ ಶೆಡ್ಡಿನ ಫೋಟೊ

ನಮ್ಮ ಶೆಡ್ಡಿನ ಸಿಮೆಂಟು ನೆಲದ ಮೇಲೆ ಆರು ಬೆಳ್ಳನೆಯ ಚೌಕಗಳಿವೆ. ಉಳಿದ ನೆಲವೆಲ್ಲ ರೇಷ್ಮೆಗೂಡು ಬೆಂದ ನೀರು ಬಿದ್ದು ಬಿದ್ದು ಕಂದಾಗಿದೆ. ಆ ಚೌಕಗಳಲ್ಲಿ ಅಪ್ಪನ ಬೇಸಿನ್‌ಗಳಿದ್ದವು. ಬಿಸಿನೀರಿನಲ್ಲಿ ಗೂಡು ಹಾಕಿ ನೂಲು ಬಿಚ್ಚುವ ತೊಟ್ಟಿಗಳು.

ಲಾಕ್‌ಡೌನ್ ಮುಗಿದರೂ ಶಿಡ್ಲಘಟ್ಟದಲ್ಲಿ ನೂಲು ಕೇಳುವವರಿರಲಿಲ್ಲ. ಆಗ ಹೊಸ ಯಂತ್ರ ಹಾಕುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ ಎಂದು ತಿಳಿಯಿತು. ನಾನು ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಅರ್ಜಿ ತುಂಬಿದ್ದು ನಾನೇ. ಯಂತ್ರ ಕೂರಿಸುವ ಜಾಗದ ಫೋಟೊ ಬೇಕಿತ್ತು. ಜಾಗ ಖಾಲಿ ಇರಬೇಕು ಎಂದು ಅಪ್ಪನಿಗೆ ಹೇಳಿದೆ. ಅವರು ಎರಡನೇ ಮಾತಾಡದೆ ಬೇಸಿನ್‌ಗಳನ್ನು ಕೀಳಿಸಿ ಗುಜರಿಗೆ ಹಾಕಿದರು.

ಮಂಜೂರಾತಿ ಬರಲಿಲ್ಲ. ಈ ವರ್ಷದ ಅನುದಾನ ಮುಗಿದಿದೆ, ಮುಂದಿನ ಬಜೆಟ್‌ವರೆಗೆ ಕಾಯಿರಿ ಎಂದರು ಇಲಾಖೆಯವರು. ನಾವು ಕಾಯುತ್ತಿರುವಾಗಲೇ ಹೊರದೇಶದ ರೇಷ್ಮೆ ಬರುವುದು ಕಡಿಮೆಯಾಗಿ ನಮ್ಮ ಕಡೆಯ ನೂಲಿಗೆ ಬೆಲೆ ಬಂತು. ಬೀದಿಯ ಹಳೆಯ ಒಲೆಗಳೆಲ್ಲ ಹೊತ್ತಿದವು, ನಮ್ಮದೊಂದನ್ನು ಬಿಟ್ಟು. ಕುಸಿತದ ಕಾಲದ ನೆರವು ಬೇಕಾದಾಗ ತಲುಪದೆ ತಡವಾಗುವುದುಂಟು ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ.

ಅಪ್ಪ ದಿನವೂ ಗೂಡಿನ ಮಾರುಕಟ್ಟೆಗೆ ಹೋಗಿ, ಏನೂ ಕೊಳ್ಳದೆ, ಎರಡು ಗೂಡು ಅಲ್ಲಾಡಿಸಿ ನೋಡಿ ಬರುತ್ತಿದ್ದರು.

ಒಂದು ಸಂಜೆ ಪಕ್ಕದ ಶೆಡ್ಡಿನ ಮಾಮ ಬಂದರು.

"ಏನಮ್ಮ ಎಂಎ, ನಿಮ್ ಸರ್ಕಾರದ ಯಂತ್ರ ಎಲ್ಲೀಗಂಟ ಬಂತು? ನಡ್ಕೊಂಡ್ ಬರ್ತಾ ಐತಾ?"

"ಅವಳ್ನ ಯಾಕಯ್ಯ ಅಂತೀಯ," ಎಂದರು ಅಪ್ಪ.

"ತಮಾಷೆಗಂದೆ ಅಣ್ಣ. ನನ್ನತ್ರ ಎರಡು ಬೇಸಿನ್ ಸುಮ್ನೆ ಬಿದ್ದವೆ. ತಗೊಂಡೋಗಿ ಒಲೆ ಹಚ್ಚು. ಕುಂತು ಕುಂತು ಕೈಗೆ ಕೆಲಸ ಮರ್ತೋಗ್ತದೆ."

ಅಪ್ಪ ನನ್ನ ಕಡೆ ತಿರುಗಿದರು. "ಅವನ್ನ ಹಾಕಿದ್ರೆ ಅರ್ಜಿ ಬಿದ್ದೋಗ್ತದೇನಮ್ಮ?"

ಅರ್ಜಿಯ ಪ್ರತಿಯನ್ನು ನಾನು ಹಿಂದಿನ ವಾರವೇ ಮತ್ತೆ ಓದಿದ್ದೆ. ಓದಿ, ಹೇಳದೆ ಉಳಿದಿದ್ದೆ.

"ಇಲ್ಲಪ್ಪ. ಖಾಲಿ ಇರ್ಬೇಕು ಅಂತ ಅದ್ರಲ್ಲಿ ಇರ್ಲೇ ಇಲ್ಲ. ಖಾಲಿ ಕಂಡ್ರೆ ಬೇಗ ಕೊಡ್ತಾರೆ ಅಂತ ನಾನೇ ಅಂದ್ಕೊಂಡಿದ್ದು."

ಮಾಮ ನೆಲ ನೋಡಿದರು.

"ಕೀಳ್ಸಿದ್ದು ನಾನಲ್ವಾ," ಎಂದರು ಅಪ್ಪ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಬೀದಿಯ ಕೊನೆಗೆ ಹೋಗಿ ತಳ್ಳುಗಾಡಿ ಕೇಳಿ ತಂದೆ. ಮಾಮನ ಎರಡು ಬೇಸಿನ್ ಹೇರಿಕೊಂಡು ಅಪ್ಪ ಮುಂದೆ ಎಳೆದರು, ನಾನು ಹಿಂದಿನಿಂದ ತಳ್ಳಿದೆ.