ಫ್ರಾನ್ಸಿಗೆ ಬರೆದ ಕಾಗದ

ನಾನು ಬರೆದ ಇಂಗ್ಲಿಷ್ ಕಾಗದಗಳಲ್ಲೆಲ್ಲ ಅತ್ಯುತ್ತಮವಾದದ್ದಕ್ಕೆ ಇಂದಿನವರೆಗೂ ಉತ್ತರ ಬಂದಿಲ್ಲ. ಬರುವ ಹಾಗೂ ಇರಲಿಲ್ಲ. ಅದನ್ನು ಬರೆದದ್ದು ಫ್ರಾನ್ಸಿನ ಒಂದು ಸಿನಿಮಾ ಕಂಪನಿಗೆ. ನಾನು ‘ಡಿಯರ್ ಸರ್ಸ್’ ಎಂದು ಶುರುಮಾಡುವ ಹೊತ್ತಿಗೆ ಆ ಮಹನೀಯರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಐವತ್ತರ ದಶಕದ ಮಾತು. ಶಿಡ್ಲಘಟ್ಟದ ಹೈಸ್ಕೂಲಿಗೆ ನಾನು ಹೊಸ ಇಂಗ್ಲಿಷ್ ಮೇಷ್ಟ್ರು. ಊರಾಚೆಯ ಬಯಲಿನಲ್ಲಿ ಚಿಂತಾಮಣಿಯ ಚೌಡರೆಡ್ಡಿಯವರ ಟೂರಿಂಗ್ ಟಾಕೀಸು ಡೇರೆ ಹಾಕಿತ್ತು. ಅದರ ಪ್ರೊಜೆಕ್ಟರು ಮೂಕಿ ಚಿತ್ರಗಳ ಕಾಲದ್ದು. ಯಾರೋ ಪುಣ್ಯಾತ್ಮರು ಆಮೇಲೆ ಅದಕ್ಕೆ ಮಾತು ಕೂಡಿಸಿದ್ದರು. ಮೈಮೇಲೆ ಹಿತ್ತಾಳೆಯ ಫಲಕವೊಂದಿತ್ತು, ಅದರಲ್ಲಿ ಕಂಪನಿಯ ಹೆಸರು, ಪ್ಯಾರಿಸ್ಸಿನ ವಿಳಾಸ. ಆಪರೇಟರು ಗೌಸ್ ಸಾಬರು ಆ ಫಲಕವನ್ನು ದಿನಾ ಹುಣಸೆಹಣ್ಣಿನಿಂದ ಉಜ್ಜಿ ತಳತಳಿಸುತ್ತಿದ್ದರು. ಅವರ ಮನೆತನದ್ದು ರೇಷ್ಮೆ ನೂಲು ತೆಗೆಯುವ ಕಸುಬು. ಎಳೆ ಹರಿದದ್ದು ಕಂಡರೆ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ, ಹರಿದ ರೀಲನ್ನೂ ಹಾಗೇ ಕೂಡಿಸಿಬಿಡುತ್ತಿದ್ದರು.

ಆದರೆ ಫಿಲಮನ್ನು ಎಳೆಯುವ ಹಲ್ಲುಚಕ್ರ ಸವೆದರೆ ಬೆರಳೇನು ಮಾಡೀತು? ಪರದೆಯ ಮೇಲೆ ನಾಯಕಿಯ ಪಾದ ಮೇಲೆ, ಮುಖ ಕೆಳಗೆ ಬರತೊಡಗಿತು. ಊರಿನ ಆಚಾರಿಗಳಿಂದ ಒಂದು ಚಕ್ರ ಮಾಡಿಸೋಣವೆಂದು ಗೌಸ್ ಸಾಬರು ಹೇಳಿದ್ದಕ್ಕೆ ರೆಡ್ಡಿಯವರು ಎಲ್ಲರೆದುರೇ ಸಿಡುಕಿದರು.

“ಸೀಮೆ ಮಿಷಿನ್ನಿಗೆ ನಮ್ಮೂರ ಕೈ ಬೀಳಕೂಡದು ಕಣಯ್ಯ. ಕಂಪನಿಯಿಂದಲೇ ತರಿಸು. ಉಗಾದಿ ತನಕ ನೋಡ್ತೀನಿ. ಬರಲಿಲ್ಲ ಅಂದ್ರೆ ಬೆಂಗಳೂರಿಂದ ಹೊಸ ಮಿಷಿನ್ನು ಬರ್ತದೆ, ಅದರ ಜೊತೆ ಅದರ ಆಪರೇಟರೂ ಬರ್ತಾನೆ.”

ಅಂದರೆ ಗೌಸ್ ಸಾಬರ ಕೆಲಸಕ್ಕೇ ಸಂಚಕಾರ. ಅವರು ನೇರ ನನ್ನ ಮನೆಗೆ ಬಂದರು. “ಮೇಷ್ಟ್ರೇ, ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡಿ” ಎಂದರು. ಹೊಗಳಿಕೆಗೆ ಕಾದು ಕೂತಿದ್ದ ವಯಸ್ಸು ನನ್ನದು. ಮೂರು ಪುಟ ಬರೆದೆ. ಚಕ್ರದ ವಿಷಯ ಮೂರನೆಯ ಪುಟದಲ್ಲಿ ಬರುತ್ತಿತ್ತು. ಫ್ರಾನ್ಸಿನವರಿಗೆ ಇಂಗ್ಲಿಷ್ ಬರುತ್ತದೆಯೋ ಇಲ್ಲವೋ ಎಂಬುದು ನನಗೆ ಹೊಳೆಯಲೇ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಒಂದು ಭಾನುವಾರ ಚಿಕ್ಕ ರೈಲು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದವನು ಅಲ್ಲಿನ ಓದುಮನೆಯಲ್ಲಿ ಒಂದು ಹಳೆಯ ಇಂಗ್ಲಿಷ್ ಪುಸ್ತಕ ತೆರೆದೆ. ನಮ್ಮ ಕಂಪನಿಯ ಚರಿತ್ರೆಯೇ ಅದರಲ್ಲಿತ್ತು. ಸಣ್ಣ ಅಂಗಡಿಯಾಗಿ ಶುರುವಾಗಿ, ಮಿಷಿನ್ನು, ಫಿಲಮು, ಚಿತ್ರಮಂದಿರ ಎಲ್ಲವನ್ನೂ ತಾನೇ ಮಾಡತೊಡಗಿತಂತೆ. ಬಣ್ಣದ ಚಿತ್ರ ಬೇಕೆಂದಾಗ ಹೆಂಗಸರು ಸಾಲಾಗಿ ಕುಳಿತು ಬೆರಳುಗುರಿನಷ್ಟು ಚಿತ್ರಗಳಿಗೆ ಒಂದೊಂದಾಗಿ ಕುಂಚದಿಂದ ಬಣ್ಣ ತುಂಬುತ್ತಿದ್ದರಂತೆ. ಓದುತ್ತ ನನಗೆ ಬಿಸಿನೀರಿನಲ್ಲಿ ರೇಷ್ಮೆಗೂಡು ಅದ್ದಿ ಎಳೆ ಹುಡುಕುವ ನಮ್ಮೂರ ಹೆಂಗಸರು ನೆನಪಾದರು. ಆಮೇಲೆ ಯುದ್ಧ ಬಂತು, ಅಮೆರಿಕದ ಚಿತ್ರಗಳು ನುಗ್ಗಿದವು. ಮದುವೆ ಮನೆಯಲ್ಲಿ ಅಡುಗೆಯೂ ನಾನೇ, ಬಡಿಸುವುದೂ ನಾನೇ, ಓಲಗವೂ ನಾನೇ ಎಂದು ಓಡಾಡುವವರಿಗೆ ಕೊನೆಗೆ ಏನಾಗುತ್ತದೋ ಅದೇ ಕಂಪನಿಗೂ ಆಯಿತು. ಒಂದೊಂದೇ ಭಾಗ ಮಾರುತ್ತ, ಕೊನೆಗೆ ಹೆಸರನ್ನೂ ಮಾರಿಕೊಂಡಿತು.

ಇದನ್ನು ಗೌಸ್ ಸಾಬರಿಗೆ ಹೇಳಲು ಬಾಯಿ ಬರಲಿಲ್ಲ. ಅವರು ದಿನಾ ಅಂಚೆಯವನ ದಾರಿ ಕಾಯುತ್ತಿದ್ದರು, ನಾನು ಬೇರೆ ಬೀದಿಯಲ್ಲಿ ಶಾಲೆಗೆ ಹೋಗುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು. ಉಗಾದಿಗೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಹೋಗಿ ಹೇಳಿಬಿಟ್ಟೆ. ಅವರು ಫಲಕ ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಕಂಪನಿ ಹೋಯ್ತು. ಮಿಷಿನ್ನು ಹೋಗಿಲ್ವಲ್ಲ ಮೇಷ್ಟ್ರೇ” ಎಂದರು.

ಅಂದೇ ಸವೆದ ಚಕ್ರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ವೆಂಕಟಾಚಾರಿಗಳ ಹತ್ತಿರ ಹೋದರು. ಇವರು ನೂಲು ತೆಗೆಯುವ ಚರಕಗಳಿಗೆ ಚಕ್ರ ಮಾಡಿಕೊಡುತ್ತಿದ್ದವರು. ಹನ್ನೆರಡು ದಿನ ಅರ ಹಿಡಿದು ತೀಡಿದರು. ಹೊಸ ಚಕ್ರ ಕೂತಿತು, ನಾಯಕಿಯ ಮುಖ ಮೇಲಕ್ಕೆ ಬಂತು. ಮಾರನೆಯ ದಿನ ಬೆಳಿಗ್ಗೆ ರೆಡ್ಡಿಯವರು ಬಂದು, “ಕಂಪನಿಯಿಂದ ಬಂತಾ?” ಎಂದು ಕೇಳಿದರು. “ಬಂತು” ಎಂದರು ಗೌಸ್ ಸಾಬರು. ನಾನು ತಲೆಯಾಡಿಸಿದೆ. ರೆಡ್ಡಿಯವರು ಚಕ್ರವನ್ನು ತಿರುಗಿಸಿ ನೋಡಿ, ಕುಂಕುಮವಿಟ್ಟು, ಬಾಗಿಲಲ್ಲಿ ನಿಂತಿದ್ದ ವೆಂಕಟಾಚಾರಿಗಳಿಗೆ ಹೇಳಿದರು: “ನೋಡಿದ್ರಾ ಆಚಾರ್ರೇ, ಸೀಮೆ ಕೆಲಸ ಅಂದ್ರೆ ಇದು.”

ಆಚಾರಿಗಳು ಹೌದೆಂದರು.

ಹೀಗೆ ಫ್ರಾನ್ಸಿನಲ್ಲಿ ಮುಳುಗಿದ ಕಂಪನಿ ಶಿಡ್ಲಘಟ್ಟ, ಗೌರಿಬಿದನೂರು, ಪೆರೇಸಂದ್ರಗಳಲ್ಲಿ ಇನ್ನೂ ಎಷ್ಟೋ ವರ್ಷ ಸುಖವಾಗಿ ನಡೆಯಿತು. ಅರವತ್ತರ ದಶಕದಲ್ಲಿ ರೆಡ್ಡಿಯವರು ಚಿಂತಾಮಣಿಯಲ್ಲಿ ಗೋಡೆಯಿರುವ ಟಾಕೀಸು ಕಟ್ಟಿಸಿದರು. ಹೊಸ ಮಿಷಿನ್ನು ಬಂತು, ಗೌಸ್ ಸಾಬರೇ ಅದಕ್ಕೂ ಆಪರೇಟರು. ಪೂಜೆಯ ದಿನ ನಮ್ಮನ್ನೆಲ್ಲ ಕರೆದಿದ್ದರು. ಊಟವಾದ ಮೇಲೆ ರೆಡ್ಡಿಯವರು ಹಳೆಯ ಮಿಷಿನ್ನಿನಿಂದ ಆ ಚಕ್ರವನ್ನು ಬಿಚ್ಚಿಸಿ, ಎಲೆಯಡಿಕೆಯ ಜೊತೆ ತಟ್ಟೆಯಲ್ಲಿಟ್ಟು, ತಾವೇ ವೆಂಕಟಾಚಾರಿಗಳ ಕೈಗೆ ಕೊಟ್ಟರು.

“ಕಂಪನಿ ಸಾಮಾನು ಕಂಪನಿಗೇ ಸೇರ್ಲಿ ಆಚಾರ್ರೇ” ಎಂದರು.

ಗೌಸ್ ಸಾಬರು ನನ್ನ ಮುಖ ನೋಡಿದರು, ನಾನು ಅವರದ್ದು ನೋಡಿದೆ. ಆಚಾರಿಗಳು ಚಕ್ರವನ್ನು ಪಂಚೆಯ ಅಂಚಿನಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡರು. ನನ್ನ ಕಾಗದದಲ್ಲಿ ವ್ಯಾಕರಣದ ತಪ್ಪೊಂದೂ ಇರಲಿಲ್ಲವೆಂದು ಈಗಲೂ ಹೇಳಬಲ್ಲೆ. ವಿಳಾಸವೊಂದೇ ತಪ್ಪಾಗಿತ್ತು.