ನೌರು ಮತ್ತು ಒಂದು ಮಾರ್ಕು

ಮೂವತ್ತೊಂದು ವರ್ಷ ನೌರು ದೇಶವನ್ನು ಶ್ರೀಮಂತವಾಗಿ ಇಟ್ಟುಕೊಂಡಿದ್ದವರು ನಮ್ಮ ಅತ್ತೆ. ಮಾಲೂರಿನ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ನೌರು ಪೆಸಿಫಿಕ್ ಸಾಗರದ ಪುಟ್ಟ ದ್ವೀಪ, ಫಾಸ್ಫೇಟ್ ಅಗೆದು ಮಾರಿ ಸಿರಿವಂತವಾಗಿದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಕೊನೆಗೆ ನಿವೃತ್ತರಾದರು. ಆಮೇಲೆ ನೌರುವಿನ ಯೋಗಕ್ಷೇಮ ವಿಚಾರಿಸುವ ಪ್ರಮೇಯ ಅವರಿಗೆ ಬರಲಿಲ್ಲ.

2020ರಲ್ಲಿ ಮಗಳ ಮನೆ ನೋಡಲೆಂದು ಅಮೆರಿಕಕ್ಕೆ, ನಮ್ಮ ರಾಂಚೊ ಬರ್ನಾರ್ಡೊಗೆ ಬಂದವರು, ವಿಮಾನಗಳು ನಿಂತದ್ದರಿಂದ ಇಲ್ಲೇ ಉಳಿದರು. ನನ್ನ ಹೆಂಡತಿ ಟೊರ್ರಿ ಪೈನ್ಸ್‌ನ ಲ್ಯಾಬಿಗೆ ಹೋಗಲೇಬೇಕಿತ್ತು. ಮನೆಯ ಒಂದು ಕೋಣೆಯಲ್ಲಿ ನನ್ನ ಮೀಟಿಂಗು, ಊಟದ ಮೇಜಿನ ಮೇಲೆ ನಮ್ಮ ಮಗಳ ಆನ್‌ಲೈನ್ ಐದನೇ ಕ್ಲಾಸು, ಪಕ್ಕದಲ್ಲಿ ಮೇಲ್ವಿಚಾರಣೆಗೆ ಅತ್ತೆ. ಸ್ಕೂಲಿನವರು ಪ್ರಾಜೆಕ್ಟಿಗೆಂದು ಒಬ್ಬೊಬ್ಬರಿಗೆ ಒಂದೊಂದು ದೇಶ ಹಂಚಿದರು. ಮಗಳಿಗೆ ಜಪಾನ್ ಬೇಕಿತ್ತು, ಸಿಕ್ಕಿದ್ದು ನೌರು. ಅವಳ ಮುಖ ಸಣ್ಣಗಾಯಿತು. ಅತ್ತೆ ಕನ್ನಡಕ ಒರೆಸಿಕೊಂಡು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಬರ್ಕೊ ಮರಿ. ತುಂಬಾ ಶ್ರೀಮಂತ ದೇಶ."

ಮಗಳು ಲ್ಯಾಪ್‌ಟಾಪಿನಲ್ಲಿ ಹುಡುಕಿದಳು. "ನೋ ಅಜ್ಜಿ, ದೇ ಆರ್ ಪೂರ್," ಎಂದಳು.

ಅತ್ತೆ ನನ್ನನ್ನು ಕರೆಸಿದರು, ಭಾಷಾಂತರಕ್ಕಲ್ಲ, ತೀರ್ಪಿಗೆ. ನಾನು ಮೀಟಿಂಗ್ ಮ್ಯೂಟ್ ಮಾಡಿ ಓದಿದೆ. ಮೊದಲು ಜರ್ಮನ್ನರು ಹಿಡಿದುಕೊಂಡರು. ಆಮೇಲೆ ಬ್ರಿಟಿಷರು, ಆಸ್ಟ್ರೇಲಿಯದವರು ದ್ವೀಪದ ನಡುಭಾಗವನ್ನು ಅಗೆದು ತಮ್ಮ ಹೊಲಗಳಿಗೆ ಗೊಬ್ಬರ ಮಾಡಿಕೊಂಡರು. ಯುದ್ಧಕಾಲದಲ್ಲಿ ಜಪಾನಿನವರು ಬಂದು ಅಲ್ಲಿನ ಜನರನ್ನು ಹಡಗಿಗೆ ತುಂಬಿ ಬೇರೆ ದ್ವೀಪಕ್ಕೆ ಸಾಗಿಸಿದರು. 1968ರಲ್ಲಿ ಸ್ವಾತಂತ್ರ್ಯ ಬಂತು. ಅಗೆಯುವ ಕೆಲಸವನ್ನು ಆಮೇಲೆ ತಾವೇ ವಹಿಸಿಕೊಂಡು ಕೆಲವು ವರ್ಷ ನಿಜಕ್ಕೂ ಕುಬೇರರಾಗಿದ್ದರು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರಲ್ಲ, ಹಾಗೆ ಅದು ಕರಗಿತು. ಈಗ ನಡುವೆಲ್ಲ ಮೊನಚು ಕಲ್ಲು, ಜನವಸತಿ ಹೆಚ್ಚಾಗಿ ಸಮುದ್ರದಂಚಿನ ಪಟ್ಟಿಯಲ್ಲಿ. ಇಡೀ ದೇಶವನ್ನು ಕಾರಿನಲ್ಲಿ ಸುತ್ತಲು ಅರ್ಧ ಗಂಟೆ ಸಾಕು. ನಾನು ಆಫೀಸಿಗೆ ಹೋಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

"ನೀವು ಪಾಠ ಮಾಡೋವಾಗ ಶ್ರೀಮಂತವಾಗೇ ಇತ್ತು ಬಿಡಿ ಅತ್ತೆ," ಎಂದೆ.

ಅತ್ತೆ ಆ ಸಮಾಧಾನವನ್ನು ಮುಟ್ಟಲಿಲ್ಲ. "ಒಬ್ಳಿಗೆ ಸೊನ್ನೆ ಕೊಟ್ಟಿದ್ದೆ," ಎಂದರು.

ಅವಳು ಇಟ್ಟಿಗೆ ಗೂಡಿನವರ ಮಗಳು. ನೌರು ಶ್ರೀಮಂತವಾಗಲು ಕಾರಣವೇನು ಎಂಬ ಒಂದು ಮಾರ್ಕಿನ ಪ್ರಶ್ನೆಗೆ ಅವಳು, 'ನೌರು ಶ್ರೀಮಂತವಲ್ಲ. ಮಣ್ಣು ಮಾರಿಕೊಂಡು ಉಣ್ಣುತ್ತಿದೆ. ಮಣ್ಣು ಮುಗಿದ ಮೇಲೆ ಉಪವಾಸ' ಎಂದು ಬರೆದಿದ್ದಳು. ಈಗ ನಮ್ಮ ರಾಜ್ಯದಲ್ಲೇ ಇರುವ ಬರ್ಬ್ಯಾಂಕಿನ ಒಂದು ಸ್ಟುಡಿಯೋದಲ್ಲಿ ಗ್ರಾಫಿಕ್ಸ್ ಕೆಲಸ ಮಾಡುತ್ತಾಳೆಂದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಿಂದ ಅತ್ತೆಗೆ ಗೊತ್ತಿತ್ತು. ಆ ಮಾರ್ಕನ್ನು ಕೊಟ್ಟುಬರಬೇಕೆಂದರು.

"ಫೋನಲ್ಲೇ ಹೇಳಿಬಿಡಿ."

"ಫೋನಲ್ಲಿ ಮಾರ್ಕ್ಸ್ ಕೊಡೋ ಪದ್ಧತಿ ಇಲ್ಲ ಅಳಿಯಂದ್ರೆ."

ಹೀಗಾಗಿ ಒಂದು ಶನಿವಾರ ಮಧ್ಯಾಹ್ನ, ಒಂದು ಮಾರ್ಕಿಗಾಗಿ ಎರಡು ಗಂಟೆ ಡ್ರೈವ್ ಮಾಡಿದೆ. ಕೊರೊನಾ ಕಾಲ. ಆಕೆ ಮನೆಯ ಬಾಗಿಲ ಮೆಟ್ಟಿಲ ಮೇಲೆ, ನಾವು ಕೆಳಗೆ ಕಾರಿನ ಪಕ್ಕ, ಮೂವರಿಗೂ ಮಾಸ್ಕು. ಅತ್ತೆ ವಿಷಯ ಹೇಳಿ, ಮಾರ್ಕು ಕೊಟ್ಟದ್ದಾಯಿತು ಎಂದು ಘೋಷಿಸಿದರು.

"ಮಾರ್ಕ್ಸ್ ನೆನಪಿಲ್ಲ ಮೇಡಂ," ಎಂದಳು ಆಕೆ. "ನಾನು ಬರ್ದಿದ್ದನ್ನ ನೀವು ಕ್ಲಾಸಲ್ಲಿ ಜೋರಾಗಿ ಓದಿದ್ರಿ. ಎಲ್ರೂ ನಕ್ರು. ನೀವೂ ನಕ್ರಿ. ನಮ್ಮಪ್ಪ ಆಗ ಗೂಡಿಗೆ ನಮ್ಮ ಹೊಲದ ಮಣ್ಣನ್ನೇ ಅಗೀತಿದ್ರು. ಅದನ್ನ ನೋಡಿ ಬರ್ದಿದ್ದೆ."

ಅತ್ತೆ ಈ ಭಾಗವನ್ನು ನನಗೆ ಹೇಳಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು. ಅವರ ಕೈ ಕಾರಿನ ಬಾಗಿಲನ್ನು ಹುಡುಕುತ್ತಿದ್ದುದನ್ನು ನೋಡಿ ಅಯ್ಯೋ ಪಾಪ ಎಂದೂ ಅನ್ನಿಸಿತು. ಇನ್ನು ಹೊರಟೇಬಿಡುತ್ತಾರೆ ಎಂದುಕೊಂಡೆ.

"ಮನೇಲಿ ಯಾರ್ಯಾರಿದೀರಿ? ಎಲ್ರನ್ನೂ ಕರಿ," ಎಂದರು ಅತ್ತೆ.

ಗಂಡ ಬಂದರು, ಕಾಲೇಜಿನ ವಯಸ್ಸಿನ ಮಗಳು ಬಂದಳು. ಅತ್ತೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಪಾಠದ ದನಿಯಲ್ಲಿ ಹೇಳಿದರು: "ಇವಳು ಸರಿಯಾಗಿ ಬರ್ದಿದ್ಲು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ದೆ ಇರೋದು ತಪ್ಪಲ್ಲ. ಗೊತ್ತಿಲ್ದೆ ನಕ್ಕೆ, ಕ್ಲಾಸನ್ನೆಲ್ಲ ನಗಿಸ್ದೆ. ಅದು ತಪ್ಪು. ನನ್ನ ತಪ್ಪು."

ಆಕೆಯ ಮಗಳು "ಓಕೆ" ಎಂದಳು. ಗಂಡ ಏನು ಮಾಡಬೇಕೆಂದು ತೋಚದೆ ಕೈ ಮುಗಿದರು. ಆ ದಿನಗಳಲ್ಲಿ ಯಾರೂ ಯಾರನ್ನೂ ಹೊಸ್ತಿಲು ದಾಟಿಸುತ್ತಿರಲಿಲ್ಲ.

"ಬಿಸಿಲಲ್ಲಿ ನಿಂತಿದೀರಿ ಮೇಡಂ," ಎಂದು ಆಕೆ ಬಾಗಿಲಿಂದ ಪಕ್ಕಕ್ಕೆ ಸರಿದಳು. "ಒಳಗೆ ಬನ್ನಿ."