ಮಾಸ್ತರರ ಎಡಗಿವಿ

ಓದುವಾಗ ಮಾಸ್ತರರ ಎಡಗಿವಿ ಅಲುಗುತ್ತಿತ್ತು. ಬಲಗಿವಿ ತನಗೇನೂ ಸಂಬಂಧವಿಲ್ಲ ಎಂಬಂತೆ ಸುಮ್ಮನಿರುತ್ತಿತ್ತು. ಎಡಗಿವಿ ಮಾತ್ರ ಸಾಲು ಸಾಲಿಗೂ ಮೇಲೆ ಕೆಳಗೆ ಆಡುತ್ತಿತ್ತು. ಔರಾದಿನ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅವರು ಕತೆ ಓದುತ್ತಿದ್ದರು. ಪುಸ್ತಕ ಮುಟ್ಟುವ ಮೊದಲು ಮೂಲೆಯ ಗಡಿಗೆಯ ನೀರಲ್ಲಿ ಕೈ ತೊಳೆದು, ಪ್ಯಾಂಟಿಗೆ ಒರೆಸಿಕೊಂಡು, ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಳ್ಳುತ್ತಿದ್ದರು. ನಮ್ಮ ಕಣ್ಣೆಲ್ಲ ಆ ಕಿವಿಯ ಮೇಲೆ.

ಆ ಕಿವಿಯ ಗುಟ್ಟನ್ನು ಮೊದಲು ಕಂಡುಹಿಡಿದವಳು ನಾನೇ ಎಂಬ ಜಂಬ ನನಗಿನ್ನೂ ಇದೆ. ಪುಸ್ತಕದಲ್ಲಿದ್ದದ್ದನ್ನು ಓದುವಾಗ ಅದು ಅಲುಗುತ್ತಿತ್ತು. ತಾವೇ ಕಟ್ಟಿ ಹೇಳುವಾಗ ಕಲ್ಲಿನಂತೆ ನಿಂತುಬಿಡುತ್ತಿತ್ತು. ಮಾಸ್ತರರಿಗೆ ಪುಸ್ತಕವನ್ನು ಇದ್ದಂತೆ ಓದಿ ಗೊತ್ತಿರಲಿಲ್ಲ. ಬಡವನ ಹೊಟ್ಟೆಗೆ ಬರಹಗಾರ ಊಟ ಹಾಕಿರದಿದ್ದರೆ ಇವರು ಹಾಕುವರು, ಚಳಿಯಲ್ಲಿ ನಿಂತ ಹುಡುಗಿಗೆ ಕಂಬಳಿ ಹೊದಿಸುವರು. ಕತೆಯ ನಡುವೆ ಯಾರಾದರೂ ನೀರು ಕುಡಿಯಲು ಎದ್ದರೆ ಮಾತ್ರ ಸಿಟ್ಟು. "ಉಣ್ಣೋ ತಾಟು ಬಿಟ್ಟು ಏಳಬಾರದು, ಕತೀನೂ ಹಂಗೇ," ಅನ್ನುತ್ತಿದ್ದರು. ನಾನು ಬರೆಯುವವಳಾದದ್ದು ಆ ಕಿಟಕಿಯ ಪಕ್ಕದಲ್ಲೇ ಎಂದು ಈಗ ಅನ್ನಿಸುತ್ತದೆ.

ಮುಂದೆ ಅವರಿಗೆ ಭಾಲ್ಕಿ ತಾಲೂಕಿಗೆ ವರ್ಗವಾಯಿತು. ಕೊನೆಗೆ ಸ್ವಂತ ಊರಾದ ಖಟಕ ಚಿಂಚೋಳಿಯಲ್ಲೇ ಹೆಡ್ ಮಾಸ್ತರರಾದರು. ನಾನು ನೌಕರಿ ಹಿಡಿದು ಬೀದರಿನ ಮೈಲೂರಿನಲ್ಲಿ ಮನೆ ಮಾಡಿದೆ. ಬಹಳ ವರ್ಷ ನಮ್ಮ ನಡುವೆ ಇದ್ದದ್ದು ಯುಗಾದಿಗೊಂದು, ದೀಪಾವಳಿಗೊಂದು ಫೋನು.

ಆಮೇಲೆ ನಾನು ಒಂದು ಕಾದಂಬರಿ ಬರೆದೆ. ಅದು ನಮ್ಮ ಮನೆಯದೇ ಕತೆ. ಔರಾದಿನ ಕಡೆ ಮಾಂಜ್ರಾ ದಂಡೆಯ ನಮ್ಮ ಊರಿಗೆ ಹಿಂದೊಮ್ಮೆ ಹೊಳೆ ನುಗ್ಗಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮಕ್ಕಳನ್ನೂ ಒಂದು ರೊಟ್ಟಿಬುಟ್ಟಿಯನ್ನೂ ಹೊತ್ತು ಚಾವಡಿಯ ಮಾಳಿಗೆ ಹತ್ತಿದಳು. ಅವಳ ಗಂಡ, ನಮ್ಮ ಮುತ್ಯಾ, ಎಮ್ಮೆ ಬಿಚ್ಚಿ ಬರುತ್ತೇನೆಂದು ತಿರುಗಿ ಹೋದ. ನೀರು ಇಳಿಯುವ ತನಕ ಆಯಿ ಮಕ್ಕಳಿಗೆ ರೊಟ್ಟಿಯನ್ನು ಮುರಿದು ಮುರಿದು ಕೊಟ್ಟಳು. ಕೊನೆಯದೊಂದನ್ನು ಮಾತ್ರ ಮುಟ್ಟಲಿಲ್ಲ. ನಮ್ಮ ಕಡೆ ರೊಟ್ಟಿಬುಟ್ಟಿ ಬರಿದು ಮಾಡುವುದಿಲ್ಲ; ಬರಬೇಕಾದವರ ಪಾಲು ಅಂತ ಒಂದನ್ನು ಬಿಡುತ್ತಾರೆ. ಮಕ್ಕಳು ಅತ್ತರೂ ಆಯಿ ಬುಟ್ಟಿಯ ಬಟ್ಟೆ ಸರಿಸಲಿಲ್ಲ. ನೀರಿಳಿದ ಮೇಲೆ ಎಮ್ಮೆ ತಾನಾಗಿ ನಡೆದು ಬಂತು. ಮುತ್ಯಾ ಬರಲಿಲ್ಲ.

ನನ್ನ ಪುಸ್ತಕವೂ ಅಲ್ಲಿಗೇ ಮುಗಿಯುತ್ತದೆ. ಬೇರೆ ಹೇಗೆ ಮುಗಿಸಲಿ? ಆಯಿ ಸಾಯುವ ತನಕ ಬಾಗಿಲ ಕಡೆ ಮುಖ ಮಾಡಿಯೇ ಉಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪುಸ್ತಕ ಕಳಿಸಿದ ಕೆಲವು ದಿನಕ್ಕೆ ಮಾಸ್ತರರ ಫೋನು ಬಂತು. ಪುಸ್ತಕ ಒಂದೇ, ಓದುವ ಮಕ್ಕಳು ಬಹಳ. ಆದ್ದರಿಂದ ಪ್ರಾರ್ಥನೆ ಮುಗಿದ ಮೇಲೆ ದಿನಾ ಒಂದಿಷ್ಟು ತಾವೇ ಓದಿ ಹೇಳುತ್ತಿರುವುದಾಗಿ ತಿಳಿಸಿದರು. ಮುಗಿದ ಮೇಲೆ ನಾನು ಬಂದು ಮಕ್ಕಳೊಡನೆ ಮಾತಾಡಬೇಕು, ತಮ್ಮ ರಿಟೈರ್‌ಮೆಂಟಿಗೆ ಅದೇ ಶಾಲು, ಅದೇ ಹಾರ ಎಂದರು. ನಾನು ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಖಟಕ ಚಿಂಚೋಳಿಗೆ ಹೋದೆ.

ಬೇವಿನ ಗಿಡದ ಕೆಳಗೆ ಮಕ್ಕಳು ಸಾಲಾಗಿ ಕೂತಿದ್ದರು. ಮಾಸ್ತರರು ಎಲ್ಲರ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅಂಗಿ ಹೆಗಲಿನಲ್ಲಿ ಸಡಿಲವಾಗಿತ್ತು. ಅವರನ್ನು ನೋಡಿ ನನಗೆ ಮತ್ತೆ ನಾಲ್ಕನೆಯ ಇಯತ್ತೆಯಲ್ಲಿ ಕೂರುವ ಆಸೆಯಾಯಿತು. ಮಕ್ಕಳು ಮಾಳಿಗೆಯ ಬಗ್ಗೆ, ಹೊಳೆಯ ಬಗ್ಗೆ, ಎಮ್ಮೆಯ ಬಗ್ಗೆ ಕೇಳಿದರು. ಆಮೇಲೆ ಒಬ್ಬಳು ಎದ್ದು, ಕೊನೆಗೆ ಆ ಮಕ್ಕಳ ಅಪ್ಪ ಮನೆಗೆ ಬಂದದ್ದು ತನಗೆ ಬಹಳ ಸೇರಿತು ಎಂದಳು. ಉಳಿದವರೂ ಶುರುಮಾಡಿದರು. ಧೋತರ ಹಿಂಡಿಕೊಂಡು ಬಂದನಂತೆ, ಹೊಸ್ತಿಲ ಹೊರಗೆ ಕಾಲಿನ ಕೆಸರು ತೊಳೆದನಂತೆ, ಬುಟ್ಟಿಯ ಬಟ್ಟೆ ಸರಿಸಿ ರೊಟ್ಟಿ ತೆಗೆದುಕೊಂಡನಂತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಅದು ನೆತ್ತಿಗೇರಿತು. ನಮ್ಮ ಆಯಿಯ ಅಷ್ಟು ವರ್ಷದ ಕಾಯುವಿಕೆಯನ್ನು ಈ ಮನುಷ್ಯ ಒಂದು ಬೆಳಗಿನ ಪ್ರಾರ್ಥನೆಯಲ್ಲಿ ಅಳಿಸಿಹಾಕಿದ್ದರು. ಇದು ಪುಸ್ತಕದಲ್ಲಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ದುಡಿಯಲು ಹೈದರಾಬಾದಿಗೆ ಹೋದವನು ಊರ ಕಡೆ ಮುಖ ಹಾಕಿಲ್ಲವೆಂದು ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು, ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಒಂದು ಮಗು ಅಷ್ಟೇ.

"ಮೇಡಂ, ಆ ಅಪ್ಪ ಖರೇನೇ ಬಂದನೇನ್ರಿ?" ಎಂದಳು. "ಅದನ್ನ ಓದುವಾಗ ಸರ್ ಕಿವಿ ಅಲುಗಲಿಲ್ಲರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ತರರು ಕಿವಿ ಮುಟ್ಟಿಕೊಂಡರು. ನಾನೊಬ್ಬಳೇ ಕಂಡುಹಿಡಿದದ್ದು ಎಂದುಕೊಂಡಿದ್ದ ಗುಟ್ಟು ಇಡೀ ಶಾಲೆಗೆ ಗೊತ್ತಿತ್ತು. ಅವರು ನನ್ನನ್ನು ಬೇಡಿಕೊಳ್ಳಲಿಲ್ಲ, ಕಣ್ಸನ್ನೆ ಮಾಡಲಿಲ್ಲ. ನೆಲ ನೋಡುತ್ತ ನಿಂತರು. ಮಕ್ಕಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಬಂದಾನವಾ," ಎಂದೆ.

ಹುಡುಗಿಗೆ ಅಷ್ಟು ಸಾಲಲಿಲ್ಲ. ಬಂದವನು ಮೊದಲು ಏನು ಮಾತಾಡಿದ ಎಂದು ಕೇಳಿದಳು. ನಾನು ಮುತ್ಯಾನನ್ನು ಕಂಡವಳಲ್ಲ, ಅವನ ದನಿ ಕೇಳಿದವಳಲ್ಲ. ಆದರೆ ಬೇವಿನ ನೆರಳಲ್ಲಿ ಅವನು ಧೋತರ ಹಿಂಡಿಕೊಂಡು ನನ್ನ ಪಕ್ಕದಲ್ಲೇ ಕೂತಂತಾಯಿತು.

"ರೊಟ್ಟಿ ಕಡಕಾಗ್ಯಾದ, ಜರಾ ಮಜ್ಜಿಗಿ ಅದ ಏನು ಅಂತ ಕೇಳಿದ," ಎಂದೆ.

ಮಕ್ಕಳು ನಕ್ಕರು. ಎಮ್ಮೆ ಮೊದಲೇ ಬಂದಿದೆಯಲ್ಲ, ಮಜ್ಜಿಗೆಗೆ ಏನು ಕೊರತೆ ಎಂದು ತಾವೇ ಲೆಕ್ಕ ಹಾಕಿದರು. ಹುಡುಗಿ ಕೆಳಗೆ ಕೂತಳು. ಬರೆದವಳು ನಾನು, ಆದರೆ ನಮ್ಮ ಮುತ್ಯಾ ಮನೆಗೆ ಬಂದದ್ದನ್ನು ಕೇಳಿದ್ದು ಅವತ್ತೇ ಮೊದಲು.

ಬಸ್ ಸ್ಟ್ಯಾಂಡಿನ ತನಕ ಮಾಸ್ತರರು ನನ್ನ ಚೀಲ ಹಿಡಿದುಕೊಂಡು ಬಂದರು. ಉಳಿದಿದ್ದ ಸಿಟ್ಟನ್ನೆಲ್ಲ ಸೇರಿಸಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿಯೇಬಿಟ್ಟೆ. ಅವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು.

"ರೊಟ್ಟಿ ಬುಟ್ಟ್ಯಾಗೇ ಬಿಟ್ಟು ಪುಸ್ತಕ ಮುಚ್ಚೀದಿ," ಎಂದರು. "ತಿನ್ನೋವನು ಬರಬ್ಯಾಡೇನವಾ?"

ಬಸ್ಸು ಬಂತು. ಅವರ ಕೈಯಿಂದ ಚೀಲ ತೆಗೆದುಕೊಂಡು ಹತ್ತಿದೆ.

ನಿವೃತ್ತರಾದ ಮೇಲೂ ಅವರು ಬೆಳಿಗ್ಗೆ ಶಾಲೆಗೆ ಹೋಗಿ ಕತೆ ಓದುತ್ತಿದ್ದರಂತೆ. ಕಳೆದ ಚಳಿಗಾಲದಲ್ಲಿ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಆ ಕಿವಿಯನ್ನು ಕೊನೆಗೊಮ್ಮೆ ನೋಡಲು ಸಿಗಲಿಲ್ಲ. ಅವರು ಎದುರು ಕೂತು ಏನಾದರೂ ಓದಲಿ, ಬೇಕಾದರೆ ಪೂರ್ತಿ ಸುಳ್ಳನ್ನೇ ಓದಲಿ, ಒಂದು ಸಲ ಕೇಳಬೇಕು ಎಂದು ಈಗಲೂ ಜೀವ ಎಳೆಯುತ್ತದೆ.

ದಿನ ಕರ್ಮಗಳು ಮುಗಿದ ಮೇಲೆ ಮತ್ತೊಮ್ಮೆ ಹೋದೆ. ಮಾಸ್ತರರ ಹೆಂಡತಿ ಒಬ್ಬರೇ ಒಲೆಯ ಮುಂದಿದ್ದರು. ಅವರಿಗೆ ಓದು ಬರದು. ಲೋಕದ ಕತೆಯೆಲ್ಲ ಗಂಡನ ಬಾಯಿಂದಲೇ ಕೇಳಿದವರು. ಉಣ್ಣದೆ ಏಳಬಾರದು ಎಂದು ಕೂರಿಸಿದರು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಇಬ್ಬರೂ ಕೂಡಿ ಉಂಡೆವು. ಊಟವಾದ ಮೇಲೆ ಬುಟ್ಟಿಯಲ್ಲಿ ಉಳಿದ ಒಂದು ರೊಟ್ಟಿಗೆ ಬಟ್ಟೆ ಮುಚ್ಚಿದರು. ಅದು ಎಲ್ಲ ಮನೆಯಲ್ಲೂ ಇದ್ದದ್ದೇ. ಆದರೆ ಪಕ್ಕದಲ್ಲಿ ಒಂದು ತಂಬಿಗೆ ಇಟ್ಟು, ಅದರ ಬಾಯಿಗೊಂದು ತಾಟು ಮುಚ್ಚಿದರು. ಅದೇನೆಂದು ಕೇಳಿದೆ.

"ಮಜ್ಜಿಗಿರಿ," ಎಂದರು. "ಮೊದಲ ಬರೀ ರೊಟ್ಟಿ ಇಡ್ತಿದ್ದೆ. ನೀವು ಸಾಲಿಗಿ ಬಂದು ಹೋದ ದಿನ, ಇದನ್ನೂ ಇಡು, ಬಂದವರು ಕೇಳ್ತಾರ ಅಂದ್ರು."

ಬುಟ್ಟಿಯನ್ನೂ ತಂಬಿಗೆಯನ್ನೂ ಬಾಗಿಲಿಗೆ ಕಾಣುವಂತೆ ಸರಿಸಿದರು.

"ಈಗ ಅವರಿಗೇ ಇಡ್ತೇನ್ರಿ."